ಒಬ್ಬರಿಗೆ ಒಂದು ಕಪ್: ಕ್ಯಾಪ್ಸೂಲ್ ಯಂತ್ರವೋ, ಪುಡಿ ತುಂಬುವ ಯಂತ್ರವೋ?

ಒಂಟಿಕಪ್:
ಮನೆಯಲ್ಲಿ ಕಾಫಿ ಕುಡಿಯುವವಳು ನಾನೊಬ್ಬಳೇ. ಬೆಳಿಗ್ಗೆ ಒಂದು ದೊಡ್ಡ ಮಗ್, ಮಧ್ಯಾಹ್ನ ಹಾಲು ಬೆರೆಸಿದ ಒಂದು ಸಣ್ಣ ಕಪ್, ನನ್ನ ಅಗತ್ಯ ಇಷ್ಟೇ. ಜಗ್ ತುಂಬ ಇಳಿಸುವ ಯಂತ್ರದಲ್ಲಿ ಉಳಿದ ಕಾಫಿ ಬಿಸಿ ತಟ್ಟೆಯ ಮೇಲೆ ಕುಳಿತು ಕಹಿಯಾಗುತ್ತದೆ; ಅದನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ಕುಡಿಯಲೂ ಆಗುವುದಿಲ್ಲ. ಆದ್ದರಿಂದ ಒಮ್ಮೆಗೆ ಒಂದೇ ಕಪ್ ಮಾಡುವ ಯಂತ್ರ ಕೊಳ್ಳಬೇಕೆಂದಿದ್ದೇನೆ. ಒಂದು ಕಪ್ಪಿನಷ್ಟು ಪುಡಿ ತುಂಬಿ ಮೊಹರು ಮಾಡಿದ ಕ್ಯಾಪ್ಸೂಲ್ ಹಾಕುವಂಥವು, ನಮ್ಮದೇ ಪುಡಿಯನ್ನು ಪುಟ್ಟ ಜಾಲರಿಗೆ ತುಂಬುವಂಥವು, ಎರಡಕ್ಕೂ ಒಗ್ಗುವಂಥವು ಎಂದು ಮೂರು ಬಗೆ ಕಾಣುತ್ತಿವೆ. ಜಾಹೀರಾತುಗಳಲ್ಲಿ ಗುಂಡಿಗಳ ಮತ್ತು ಬಣ್ಣಗಳ ವಿವರವಿದೆಯೇ ಹೊರತು ಕಾಫಿಯ ವಿವರವಿಲ್ಲ. ಬಳಸಿ ಬಲ್ಲವರು ಯಾವುದನ್ನು ನೋಡಿ ಆರಿಸಬೇಕೆಂದು ತಿಳಿಸುವಿರಾ?

ಹದಬಿಸಿ:
ನಿಮಗೆ ಕ್ಯಾಪ್ಸೂಲ್ ಯಂತ್ರವೇ ಸರಿಯೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಒಬ್ಬರೇ ಕುಡಿಯುವ ಮನೆಯಲ್ಲಿ ಕಾಫಿಯ ನಿಜವಾದ ಶತ್ರು ಗಾಳಿ. ಒಡೆದ ಪೊಟ್ಟಣದ ಪುಡಿ ವಾರಗಟ್ಟಲೆ ಉಳಿಯುತ್ತದೆ, ಅಷ್ಟರಲ್ಲಿ ಅದರ ಪರಿಮಳದ ಬಹುಪಾಲು ಹಾರಿಹೋಗಿರುತ್ತದೆ. ಕ್ಯಾಪ್ಸೂಲಿನಲ್ಲಾದರೋ ಗಾಳಿಯನ್ನು ಹೊರದೂಡಿ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ರುಚಿಯಲ್ಲಿ ಅಂತರವಿರುವುದಿಲ್ಲ. ನೆಸ್ಲೆ ಸಂಸ್ಥೆಯ ಎಂಜಿನಿಯರ್ ಎರಿಕ್ ಫಾವ್ರ್ 1976ರಲ್ಲಿ ಪೇಟೆಂಟ್ ಪಡೆದು, 1986ರಲ್ಲಿ ನೆಸ್ಪ್ರೆಸೊ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಈ ಪದ್ಧತಿ ಇಷ್ಟು ಕಾಲ ನಿಂತಿರುವುದು ಬರಿಯ ಜಾಹೀರಾತಿನ ಬಲದಿಂದಲ್ಲ. ಅಳೆಯುವ, ಒತ್ತುವ, ತೊಳೆಯುವ ಕೆಲಸವಿಲ್ಲದೆ ನಿದ್ದೆಗಣ್ಣಿನಲ್ಲಿಯೂ ಒಂದೇ ಹದದ ಕಾಫಿ ಸಿಗುತ್ತದೆ. ಕೈಬೆರಳುಗಳ ನೋವಿರುವ ಹಿರಿಯರಿಗೆ ಇದು ಸಣ್ಣ ಅನುಕೂಲವಲ್ಲ.

ಕಾಳುಪುಡಿ:
ಹದಬಿಸಿ ಅವರೇ, ತಾಜಾತನದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ಬೆಳಿಗ್ಗೆ ಕುಡಿಯುವುದು ದೊಡ್ಡ ಮಗ್ಗಿನಲ್ಲಿ ಎಂಬುದನ್ನು ನೀವು ಬದಿಗಿಟ್ಟಿದ್ದೀರಿ. ನನ್ನ ದೃಷ್ಟಿಯಲ್ಲಿ ಯಂತ್ರ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಎಷ್ಟು ಗ್ರಾಂ ಪುಡಿಯ ಮೂಲಕ ಎಷ್ಟು ನೀರು ಹಾಯುತ್ತದೆ?

ಸೋಸಿ ಇಳಿಸುವ ಕಾಫಿಗೆ ಒಂದು ಲೀಟರ್ ನೀರಿಗೆ ಸುಮಾರು 55 ಗ್ರಾಂ ಪುಡಿ ಎಂಬುದು ಕಾಫಿ ವೃತ್ತಿಯವರು ಬಹುಕಾಲದಿಂದ ಪಾಲಿಸುತ್ತ ಬಂದಿರುವ ಪ್ರಮಾಣ. ಅಮೆರಿಕದ ಕ್ಯೂರಿಗ್ ಸಂಸ್ಥೆಯ ಮಾದರಿಯ ಪ್ಲಾಸ್ಟಿಕ್ ಕಪ್ಪಿನಲ್ಲಿ, ಅಂದರೆ ಅದರ ಕ್ಯಾಪ್ಸೂಲಿನಲ್ಲಿ, ಇರುವುದು ಸಾಮಾನ್ಯವಾಗಿ 9ರಿಂದ 12 ಗ್ರಾಂ. ಹತ್ತು ಗ್ರಾಂ ಎಂದಿಟ್ಟುಕೊಂಡರೆ 180 ಮಿಲಿಲೀಟರಿನ ಗುಂಡಿಗೆ ಪ್ರಮಾಣ ಸರಿಯಾಗಿ ಕೂಡುತ್ತದೆ. 300 ಮಿಲಿಲೀಟರಿನ ಗುಂಡಿ ಒತ್ತಿದರೆ ಅದು ಲೀಟರಿಗೆ 33 ಗ್ರಾಮಿಗೆ ಇಳಿಯುತ್ತದೆ. ಕಾಫಿ ತೆಳುವಾಗುವುದಷ್ಟೇ ಅಲ್ಲ, ಕೆಡುತ್ತದೆ ಕೂಡ. ಪುಡಿಯಿಂದ ಮೊದಲು ಕರಗಿ ಬರುವುದು ಹುಳಿ, ಸಿಹಿ ಮತ್ತು ಪರಿಮಳ. ಕೊನೆಗೆ ಬರುವುದು ಕಹಿ ಮತ್ತು ಒಗರು. ಅಷ್ಟೇ ಪುಡಿಯ ಮೇಲೆ ನೀರು ಹರಿಸುತ್ತಲೇ ಹೋದರೆ ಸಪ್ಪೆಯೂ ಕಹಿಯೂ ಒಟ್ಟಿಗೆ ಕಪ್ಪಿಗೆ ಬೀಳುತ್ತವೆ. ಯಂತ್ರದ ಕಾಫಿ ಚೆನ್ನಾಗಿಲ್ಲ ಎಂದು ದೂರುವ ಹಲವರು ದಿನವೂ ಒತ್ತುವುದು ಈ ದೊಡ್ಡ ಗುಂಡಿಯನ್ನೇ. ಸ್ವಂತ ಪುಡಿ ತುಂಬುವ, 15 ಗ್ರಾಮಾದರೂ ಹಿಡಿಸುವ ಜಾಲರಿಯಿರುವ ಯಂತ್ರವನ್ನು ನಾನು ಸೂಚಿಸುವುದು ಈ ಕಾರಣಕ್ಕೆ. ಸಡಿಲ ಪುಡಿಗಿಂತ ಕ್ಯಾಪ್ಸೂಲಿನ ಪುಡಿ ತೂಕಕ್ಕೆ ತೂಕ ಹಲವು ಪಟ್ಟು ದುಬಾರಿ ಎಂಬುದು ಆಮೇಲಿನ ಮಾತು.

ಹದಬಿಸಿ:
ನಿಮ್ಮ ಲೆಕ್ಕವನ್ನು ಅಲ್ಲಗಳೆಯಲಾರೆ, ಆದರೆ ಅದು ಎಲ್ಲ ಕ್ಯಾಪ್ಸೂಲಿಗೂ ಅನ್ವಯಿಸುವುದಿಲ್ಲ. ಒತ್ತಡದಿಂದ ಕೆಲಸ ಮಾಡುವ ಸಣ್ಣ ಅಲ್ಯೂಮಿನಿಯಂ ಕ್ಯಾಪ್ಸೂಲಿನಲ್ಲಿ 5ರಿಂದ 6 ಗ್ರಾಂ ಪುಡಿಯಿದ್ದು, ಅದನ್ನು 40 ಮಿಲಿಲೀಟರ್ ಎಸ್ಪ್ರೆಸೊಗೆಂದೇ ರೂಪಿಸಲಾಗಿದೆ. ಮಧ್ಯಾಹ್ನ ಹಾಲಿನೊಂದಿಗೆ ಕುಡಿಯುವವರಿಗೆ ಬೇಕಾಗುವುದು ಇಂಥ ಗಟ್ಟಿ ಕಾಫಿಯೇ. ಬೆಳಗಿನ ಮಗ್ಗಿಗೆ ಎರಡು ಕ್ಯಾಪ್ಸೂಲ್ ಇಳಿಸಿ, ಮೇಲಿನಿಂದ ಬಿಸಿನೀರು ಸೇರಿಸಿಕೊಂಡರೆ ಕಹಿ ಬರುವುದಿಲ್ಲ, ಏಕೆಂದರೆ ಹೆಚ್ಚಿನ ನೀರು ಪುಡಿಯ ಮೂಲಕ ಹಾಯ್ದಿರುವುದಿಲ್ಲ. ಇನ್ನು ಸ್ವಂತ ಪುಡಿ ತುಂಬುವವರಿಗೆ ಬೀಸುವ ಯಂತ್ರ ಬೇಕು, ತೂಕದ ತಕ್ಕಡಿ ಬೇಕು, ಒದ್ದೆ ಚರಟವನ್ನು ಬಡಿದು ಜಾಲರಿ ತೊಳೆಯುವ ತಾಳ್ಮೆ ಬೇಕು. ಆರಂಭದ ಉತ್ಸಾಹ ಇಳಿದ ಮೇಲೂ ಈ ತಾಳ್ಮೆ ಎಲ್ಲರಲ್ಲಿ ಉಳಿಯುತ್ತದೆ ಎಂದು ನಾನು ನಂಬುವುದಿಲ್ಲ.

ಹಸಿರುಗೆರೆ:
ಕಸದ ಮಾತು ಇನ್ನೂ ಯಾರೂ ಎತ್ತಿಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸಾರ್ವಜನಿಕ ಹಣದಿಂದ ಕ್ಯಾಪ್ಸೂಲ್ ಕಾಫಿ ಯಂತ್ರ ಕೊಳ್ಳುವುದನ್ನು ನಿಲ್ಲಿಸಿತು. ಕ್ಯೂರಿಗ್ ಸ್ಥಾಪಕರಲ್ಲಿ ಒಬ್ಬರಾದ ಜಾನ್ ಸಿಲ್ವನ್ ಅವರೇ ತಾವು ಇಂಥದ್ದನ್ನು ರೂಪಿಸಿದ್ದಕ್ಕೆ ಕೆಲವೊಮ್ಮೆ ಬೇಸರವಾಗುತ್ತದೆ ಎಂದು 2015ರಲ್ಲಿ ಹೇಳಿದ್ದರು. ಅಲ್ಯೂಮಿನಿಯಂ ಮರುಬಳಕೆಗೆ ಒದಗುವ ಲೋಹ ನಿಜ, ಆದರೆ ಒಳಗಿನ ಪುಡಿಯೊಡನೆ ಮಾಮೂಲಿ ಕಸದ ಬುಟ್ಟಿ ಸೇರಿದ ಕ್ಯಾಪ್ಸೂಲ್ ಮರುಬಳಕೆಯಾಗುವುದಿಲ್ಲ. ತಯಾರಕರಿಗೆ ಹಿಂದಿರುಗಿಸುವ ವ್ಯವಸ್ಥೆ ನೀವಿರುವಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ಕಾಫಿ ಬೆಳೆಯುವುದಕ್ಕೆ ಭೂಮಿ, ನೀರು, ಗೊಬ್ಬರ ಎಲ್ಲವೂ ಖರ್ಚಾಗಿರುತ್ತವೆ, ಆದ್ದರಿಂದ ದಿನವೂ ಅರ್ಧ ಜಗ್ ಕಾಫಿಯನ್ನು ಚೆಲ್ಲುವುದೂ ಹಗುರವಾದ ನಷ್ಟವಲ್ಲ. ಒಂದೇ ಕಪ್ ಮಾಡಿಕೊಳ್ಳುವ ನಿಮ್ಮ ನಿರ್ಧಾರ ಒಳ್ಳೆಯದೇ.

ರಿಪೇರಿಕಾರ:
ಇಂಥ ಯಂತ್ರಗಳನ್ನು ಬಿಚ್ಚಿ ಸರಿಪಡಿಸುವುದು ನನ್ನ ಕಸುಬು. ಕ್ಯಾಪ್ಸೂಲೋ ಪುಡಿಯೋ ಎಂಬ ವಾದದಲ್ಲಿ ನಾನು ಪಕ್ಷ ವಹಿಸುವುದಿಲ್ಲ, ಏಕೆಂದರೆ ನನ್ನ ಮೇಜಿಗೆ ಎರಡೂ ಬಗೆಯವು ಬರುತ್ತವೆ ಮತ್ತು ಹೆಚ್ಚಾಗಿ ಒಂದೇ ಕಾರಣಕ್ಕೆ ಬರುತ್ತವೆ: ಗಡಸು ನೀರಿನ ಸುಣ್ಣದ ಪದರ. ನೀರು ಬಿಸಿಯಾದಂತೆ ಅದರಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರ್ಪಟ್ಟು, ಬಿಸಿಮಾಡುವ ಭಾಗದ ಕಿರಿದಾದ ಕೊಳವೆಗಳ ಒಳಗೋಡೆಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುವಂತೆ ಕಟ್ಟಿಕೊಳ್ಳುತ್ತದೆ. ಮೊದಲು ಕಾಫಿ ನಿಧಾನವಾಗಿ ಬರುತ್ತದೆ, ಆಮೇಲೆ ಅಳತೆಗಿಂತ ಕಡಿಮೆ ಬರುತ್ತದೆ, ಕೊನೆಗೆ ಬೆಚ್ಚಗಷ್ಟೇ ಇರುತ್ತದೆ. ಕಾಫಿ ಇಳಿಯಲು ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಸುಣ್ಣ ಕಟ್ಟಿದ ಯಂತ್ರ ಆ ಮಟ್ಟವನ್ನು ಮುಟ್ಟುವುದಿಲ್ಲ. ಗಡಸು ನೀರಿರುವ ಮನೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಸಿಟ್ರಿಕ್ ಅಥವಾ ಲ್ಯಾಕ್ಟಿಕ್ ಆಮ್ಲದ ಸುಣ್ಣನಿವಾರಕವನ್ನು ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲಿ ಹಾಯಿಸಿ, ಎರಡು ಟ್ಯಾಂಕ್ ಶುದ್ಧ ನೀರಿನಿಂದ ತೊಳೆಯಿರಿ. ವಿನೆಗರ್ ಬೇಡ, ಅದರ ವಾಸನೆ ಬೇಗ ಬಿಡುವುದಿಲ್ಲ, ರಬ್ಬರ್ ವಾಷರುಗಳಿಗೂ ಒಳ್ಳೆಯದಲ್ಲ. ಹಾಗೆಂದು ಬಟ್ಟಿ ಇಳಿಸಿದ ನೀರನ್ನು ಹಾಕಬೇಡಿ, ಖನಿಜಾಂಶವೇ ಇಲ್ಲದ ನೀರಿನಲ್ಲಿ ಕಾಫಿಯ ರುಚಿ ಏಳುವುದಿಲ್ಲ ಮತ್ತು ಕೆಲವು ಯಂತ್ರಗಳ ನೀರಿನ ಮಟ್ಟದ ಸೆನ್ಸರ್ ಅದನ್ನು ಗುರುತಿಸುವುದೂ ಇಲ್ಲ.

ಸ್ವಚ್ಛತೆಯ ವಿಷಯದಲ್ಲಿ ಜನ ಮರೆಯುವುದು ತೊಟ್ಟಿಕ್ಕಿದ ಕಾಫಿ ಸೇರುವ ಕೆಳಗಿನ ತೊಟ್ಟಿಯನ್ನು. ಸ್ಪೇನಿನ ವೆಲೆನ್ಸಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕ್ಯಾಪ್ಸೂಲ್ ಯಂತ್ರಗಳ ಈ ತೊಟ್ಟಿಯಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿರುವುದನ್ನು ಕಂಡಿದ್ದರು. ಅದನ್ನು ದಿನವೂ ಖಾಲಿ ಮಾಡಿ, ಸೋಪಿನಿಂದ ತೊಳೆದು, ಒಣಗಿಸಿ ಇಡಬೇಕು. ಊರಿಗೆ ಹೋಗುವಾಗ ಟ್ಯಾಂಕಿನ ನೀರನ್ನೂ ಚೆಲ್ಲಿ ಹೋಗಿ.

ಒಂಟಿಕಪ್:
ಎಲ್ಲರಿಗೂ ಧನ್ಯವಾದಗಳು. ನೀರಿನ ವಿಷಯ ನನ್ನ ಯೋಚನೆಯಲ್ಲೇ ಇರಲಿಲ್ಲ. ಗ್ರಾಮಿನ ಲೆಕ್ಕ ಓದಿದ ಮೇಲೆ ಪುಡಿ ತುಂಬುವ ಬಗೆಯತ್ತ ಮನಸ್ಸು ವಾಲಿದೆ, ಆದರೆ ಮಧ್ಯಾಹ್ನದ ಗಟ್ಟಿ ಕಪ್ಪಿನ ವಿಚಾರದಲ್ಲಿ ಹದಬಿಸಿ ಅವರ ಮಾತೂ ಸರಿಯೆನಿಸುತ್ತದೆ. ಹಾಗಾದರೆ ಎರಡಕ್ಕೂ ಒಗ್ಗುವ ಯಂತ್ರವನ್ನೇ ಕೊಂಡರೆ ಹೇಗೆ?

ಕಾಳುಪುಡಿ:
ಕೊಳ್ಳಬಹುದು, ಆದರೆ ಒಂದು ಎಚ್ಚರಿಕೆಯಿರಲಿ. ಸ್ವಂತ ಪುಡಿಯ ಜಾಲರಿಯನ್ನು ಯಂತ್ರ ನಿಜವಾಗಿ ಸ್ವೀಕರಿಸುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಕ್ಯೂರಿಗ್ ಸಂಸ್ಥೆ 2014ರಲ್ಲಿ ತಂದ 2.0 ಯಂತ್ರ ಕಪ್ಪಿನ ಮುಚ್ಚಳದ ಗುರುತನ್ನು ಓದಿ, ಗುರುತಿಲ್ಲದ ಕಪ್ಪುಗಳನ್ನು ನಿರಾಕರಿಸುತ್ತಿತ್ತು. ಗ್ರಾಹಕರ ಅಸಮಾಧಾನ ಬೆಳೆದ ಮೇಲೆ, ಮರುವರ್ಷ ಮರುತುಂಬುವ ಜಾಲರಿಯನ್ನು ಹಿಂದಕ್ಕೆ ತರಬೇಕಾಯಿತು. ನೆಸ್ಪ್ರೆಸೊದ ಹಳೆಯ ಮಾದರಿಗೆ ಪೇಟೆಂಟ್ ಅವಧಿ ಮುಗಿದ ಮೇಲೆ ಬೇರೆಯವರ ಕ್ಯಾಪ್ಸೂಲುಗಳು ಧಾರಾಳವಾಗಿ ಸಿಗುತ್ತವೆ, ಆದರೆ ಅದರದೇ 2014ರ ವರ್ಟುವೊ ಮಾದರಿ ಕ್ಯಾಪ್ಸೂಲಿನ ಅಂಚಿನ ಬಾರ್‌ಕೋಡ್ ಓದಿಯೇ ಕೆಲಸ ಮಾಡುತ್ತದೆ. ದಿನವೂ ಕುಡಿಯುವ ಪಾನೀಯಕ್ಕೆ ಒಬ್ಬನೇ ಮಾರಾಟಗಾರನ ಮೇಲೆ ಅವಲಂಬಿಸುವ ಸ್ಥಿತಿ ಬರಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ.

ಜಾಲರಿಗೆ ತುಂಬುವ ಪುಡಿ ಮಧ್ಯಮ ತರಿಯದ್ದಾಗಿರಲಿ, ಒತ್ತಿ ತುಂಬಬೇಡಿ. ತೀರ ನುಣ್ಣಗಿದ್ದರೆ ನೀರು ಇಳಿಯದೆ ಉಕ್ಕಿ, ಚರಟ ಕಪ್ಪಿಗೆ ಬರುತ್ತದೆ. ಮಧ್ಯಾಹ್ನಕ್ಕೆ ಅದೇ ಜಾಲರಿಯನ್ನು ತುಂಬಿ ಅತಿ ಚಿಕ್ಕ ಗುಂಡಿ ಒತ್ತಿದರೆ ಹಾಲಿಗೆ ಸಾಕಷ್ಟು ಗಟ್ಟಿಯಾಗುತ್ತದೆ, ಎಸ್ಪ್ರೆಸೊ ಆಗುವುದಿಲ್ಲ ನಿಜ.

ಹದಬಿಸಿ:
ಆ ಕೊನೆಯ ಮಾತಿನಲ್ಲೇ ನನ್ನ ಭಿನ್ನಾಭಿಪ್ರಾಯ ಉಳಿದಿದೆ. ಒತ್ತಡವಿಲ್ಲದೆ ಆ ಮೈ, ಆ ನೊರೆ ಬರುವುದಿಲ್ಲ. ಆದರೆ ದೊಡ್ಡ ಮಗ್ಗೇ ಮುಖ್ಯವೆಂದಾದರೆ ಕಾಳುಪುಡಿ ಅವರು ಹೇಳಿದಂತೆಯೇ ಮಾಡಿ.

ರಿಪೇರಿಕಾರ:
ಕೊಳ್ಳುವ ಮೊದಲು ನಿಮ್ಮ ಮಗ್ಗನ್ನು ಅಂಗಡಿಗೆ ಒಯ್ದು ಕೊಳವೆಯ ಕೆಳಗೆ ಹಿಡಿಸುತ್ತದೆಯೇ ನೋಡಿ, ಸಾಧ್ಯವಾದರೆ ಬರಿಯ ನೀರನ್ನು ಇಳಿಸಿಸಿ ಥರ್ಮಾಮೀಟರಿನಿಂದ ಬಿಸಿ ಅಳೆಯಿರಿ. ಮನೆಯಲ್ಲಿಯೂ ದಿನದ ಮೊದಲ ಕಪ್ಪಿಗೆ ಮುನ್ನ ಒಮ್ಮೆ ಬರಿಯ ನೀರು ಇಳಿಸಿ ಚೆಲ್ಲುವುದು ಒಳ್ಳೆಯದು, ಯಂತ್ರವೂ ಮಗ್ಗೂ ಎರಡೂ ಬಿಸಿಯಾಗುತ್ತವೆ.