ಪದ ಬೇಕು, ನಾಳೆ ಸಂಜೆಯೊಳಗೆ: ಕಾರಿನ ಹೀಟರ್, ‘ಫ್ರೋಜನ್’ ಲಾಕ್

ಉಡುಪಿಯಿಂದ:

ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು. ಮಣಿಪಾಲ ರಸ್ತೆಯ ಒಂದು ಗ್ಯಾರೇಜಿಗೆ ಕರಪತ್ರ ಕನ್ನಡ ಮಾಡಿಕೊಡುತ್ತಿದ್ದೇನೆ. ಹಳೆ ಕಾರಿನಲ್ಲೇ ಡಿಸೆಂಬರಿನಲ್ಲಿ ಮನಾಲಿ, ಶಿಮ್ಲಾ ಅಂತ ಹೊರಡುವವರು ಈಗ ಜಾಸ್ತಿ ಅಲ್ವಾ, ಅವರು ಹೊರಡುವ ಮೊದಲು ಏನೇನು ನೋಡಿಸಬೇಕು ಅಂತ. ಮೂಲ ಇಂಗ್ಲಿಷಿನಲ್ಲಿದೆ, ಬರೆದವರು ಚಳಿ ದೇಶದವರು. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

ಹೀಟರ್‌ಗೆ ಏನು ಹಾಕಲಿ? ಶಾಖೋತ್ಪಾದಕ ಬೇಡ, ಗ್ಯಾರೇಜಿನವರು ನನ್ನನ್ನೇ ಓಡಿಸಿಯಾರು. ಮತ್ತೆ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಚಿಕ್ಕ ರೇಡಿಯೇಟರ್ ಉಂಟಲ್ಲ, ಹೀಟರ್ ಕೋರ್, ಎಂಜಿನನ್ನು ತಂಪಾಗಿಡುವ ದ್ರವ, ಕೂಲೆಂಟ್, ಎಂಜಿನಿನಲ್ಲಿ ಬಿಸಿಯಾಗಿ ಅದರೊಳಗೆ ಹರಿಯುತ್ತದೆ, ಬ್ಲೋವರ್ ಗಾಳಿ ಅದನ್ನು ದಾಟಿ ಬಿಸಿಯಾಗಿ ಒಳಗೆ ಬರುತ್ತದೆ, ಅದಕ್ಕೂ ಒಂದು ಪದ ಬೇಕು. ಇನ್ನೊಂದು ‘ಫ್ರೋಜನ್ ಲಾಕ್’. ‘ಬೀಗ ಹೆಪ್ಪುಗಟ್ಟಿದೆ’ ಅಂತ ಬರೆದೆ. ಓದಿದರೆ ಮೊಸರಿನ ವಿಷಯದ ಹಾಗೆ ಕೇಳುತ್ತದೆ.

ಮಂಗಳೂರಿನಿಂದ:

ಹೀಟರ್ = ಕಾವುಪೆಟ್ಟಿಗೆ. ಕೋರ್ = ಕಾವುತಿರುಳು. ಕೂಲೆಂಟ್ = ತಂಪುಕ. ಮುಗಿಯಿತು.

ಶಾಖ ಬೇಡ ಅಂದದ್ದು ಸರಿ, ಆದರೆ ಅದನ್ನು ಸಂಸ್ಕೃತ ಅಂತ ತಿಳಿದು ದೂರ ಇಟ್ಟಿದ್ದರೆ ಅದು ತಪ್ಪು. ಸಂಸ್ಕೃತದಲ್ಲಿ ಶಾಖಾ ಅಂದರೆ ಕೊಂಬೆ. ಬಿಸಿಗೂ ಕೊಂಬೆಗೂ ಎಂತ ಸಂಬಂಧ? ನಮ್ಮ ಸೆಕೆಗೇ ಯಾರೋ ಪಂಡಿತರು ಮಹಾಪ್ರಾಣ ಹಚ್ಚಿ ಶಾಖ ಮಾಡಿದ್ದು ಅಂತ ನನ್ನ ವಾದ, ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಯಾರೂ ಒಪ್ಪಲಿಲ್ಲ, ಒಪ್ಪುವುದೂ ಬೇಡ.

ಕುಂದಾಪುರದಿಂದ:

ಕಾವು ಕೊಡುವುದು ಕೋಳಿ, ಮಾಷ್ಟ್ರೇ. ಕಾವುಪೆಟ್ಟಿಗೆ ಅಂದರೆ ಜನ ಮೊಟ್ಟೆ ತಕೊಂಡು ಗ್ಯಾರೇಜಿಗೆ ಬಂದಾರು. ಮತ್ತೆ ‘ತಂಪುಕ ಬಿಸಿಯಾಗಿ ಹರಿದು ಕಾರು ಬೆಚ್ಚಗಾಗುತ್ತದೆ’, ಈ ವಾಕ್ಯ ನೀವೇ ಒಮ್ಮೆ ಗಟ್ಟಿಯಾಗಿ ಓದಿ. ಹೀಟರ್ ಹೀಟರೇ. ನಿಮ್ಮ ಬಚ್ಚಲಲ್ಲಿ ಇರುವುದಕ್ಕೆ ಏನನ್ನುತ್ತೀರಿ?

ಮಂಗಳೂರಿನಿಂದ:

ನಮ್ಮ ಬಚ್ಚಲಲ್ಲಿ ಹಂಡೆ ಉಂಟು.

ಸುರತ್ಕಲ್‌ನಿಂದ:

ಪದ ಆಮೇಲೆ, ಮೊದಲು ಕೆಲಸ ನೋಡಿ. ನಮ್ಮ ಕಡೆ ಹಳೆ ಕಾರುಗಳಲ್ಲಿ ‘ಇಲ್ಲಿನ ಸೆಕೆಗೆ ಇದು ಯಾಕೆ’ ಅಂತ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್) ಕಿತ್ತು ಬಿಸಾಡಿರುವುದುಂಟು, ರೇಡಿಯೇಟರಿಗೆ ಸಾದಾ ನೀರು ಹೊಯ್ದಿರುವುದೂ ಉಂಟು. ಊರಲ್ಲಿ ಹೇಗೋ ನಡೆಯುತ್ತದೆ. ಅದೇ ಕಾರು ಮನಾಲಿಗೆ ಹೋದರೆ ಎಂಜಿನ್ ಬಿಸಿ ಏರುವುದೇ ಇಲ್ಲ, ಹೀಟರಿನಿಂದ ಉಗುರುಬೆಚ್ಚಗಿನ ಗಾಳಿ ಬರುತ್ತದೆ ಅಷ್ಟೆ. ರಾತ್ರಿ ನಿಲ್ಲಿಸಿದಾಗ ನೀರು ಮಂಜುಗಡ್ಡೆಯಾದರೆ ಹಿಗ್ಗಿ ಎಂಜಿನ್ ಬ್ಲಾಕೇ ಬಿರಿಯಬಹುದು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಭಯವಿಲ್ಲ. ಇದು ನಿಮ್ಮ ಮೂಲದಲ್ಲಿ ಇರಲಿಕ್ಕಿಲ್ಲ, ಅಲ್ಲಿ ಯಾರೂ ಸಾದಾ ನೀರು ಹಾಕುವುದಿಲ್ಲ. ನೀವು ಸೇರಿಸಿ.

ಕೋರಿಗೆ ಹೋಗುವ ಪೈಪ್ ಬಿಸಿ, ವಾಪಸ್ ಬರುವ ಪೈಪ್ ತಣ್ಣಗೆ ಇದ್ದರೆ ‘ಕೋರ್ ಕಟ್ಟಿದೆ’ ಅನ್ನಿ, ಮೂಗು ಕಟ್ಟಿದೆ ಅಂತೇವಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಗಾಜಿಗೆ ಜಿಡ್ಡು ಮಬ್ಬು ಹಿಡಿದು ಒಳಗೆ ಸಿಹಿ ವಾಸನೆ ಬಂದರೆ ಕೋರ್ ಸೋರುತ್ತಿದೆ.

ಬೀಗದ್ದೇ ನಿಜವಾದ ತೊಂದರೆ. ಇಲ್ಲಿ ಎಲ್ಲದಕ್ಕೂ ‘ಜಾಮ್’ ಒಂದೇ ಮಾತು. ಮಲ್ಪೆ, ಪಣಂಬೂರು ಕಡೆಯ ಕಾರಿನ ಬೀಗ ಜಾಮ್ ಆಗುವುದು ಉಪ್ಪುಗಾಳಿಯ ತುಕ್ಕಿಗೆ. ಅದಕ್ಕೆ ತುಕ್ಕು ಬಿಡಿಸುವ ಎಣ್ಣೆ ಬೇಕು. ಮನಾಲಿಯಲ್ಲಿ ಜಾಮ್ ಆಗುವುದು ಒಳಗೆ ಹೋದ ನೀರು ಗಟ್ಟಿಯಾಗಿ, ಅದಕ್ಕೆ ಬಿಸಿ ಬೇಕು. ಚಿಪ್ ಇಲ್ಲದ ಹಳೆ ಕೀ ಆದರೆ ಲೈಟರಿನಲ್ಲಿ ಸ್ವಲ್ಪ ಕಾಯಿಸಿ ನಿಧಾನಕ್ಕೆ ತೂರಿಸುವುದು. ಬಿಸಿನೀರು ಹೊಯ್ದರೆ ಅದೂ ಒಳಗಿಳಿದು ಮತ್ತೆ ಗಟ್ಟಿ, ಗಾಜಿಗೆ ಬಿದ್ದರೆ ಗಾಜೂ ಒಡೆದೀತು. ಹೊರಡುವ ಮೊದಲೇ ಗ್ರಾಫೈಟ್ ಪುಡಿ ಊದಿದರೆ ಒಳ್ಳೆಯದು, ಚಳಿಗೆ ಎಣ್ಣೆ ದಪ್ಪಗಾಗಿ ಅದೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಪದ ಹಾಕಿದಿರೋ, ಓದಿದವ ತಪ್ಪು ಮದ್ದು ಮಾಡುತ್ತಾನೆ.

ಮಂಗಳೂರಿನಿಂದ:

ಕೀ ಅಲ್ಲ, ಬೀಗದಕೈ. ಚಾವಿ ಅಂತೂ ಬೇಡವೇ ಬೇಡ, ಹಿಂದಿ.

ಕುಂದಾಪುರದಿಂದ:

ಚಾವಿ ಪೋರ್ಚುಗೀಸ್ ಮಾರಾಯ್ರೇ! ಹಿಂದಿಯವರ ಚಾಬಿಯೂ ಅಲ್ಲಿಂದಲೇ ಬಂದದ್ದು. ಅಲಮಾರು, ಅನಾನಸು ಎಲ್ಲ ಅದೇ ಹಡಗಿನವು. ಅವನ್ನೂ ವಾಪಸ್ ಕಳಿಸುತ್ತೀರಾ? ಬಾಯಲ್ಲಿ ನಿಂತ ಪದ ನಮ್ಮದು, ಅಷ್ಟೆ.

ಮಂಗಳೂರಿನಿಂದ:

ಹಡಗಿನಲ್ಲಿ ಬಂದದ್ದು ಅಂತ ಎಲ್ಲವನ್ನೂ ಇಳಿಸಿಕೊಂಡೇ ಈ ಗತಿ. ಕಿಟೆಲ್ ನಿಘಂಟು ತೆರೆದು ನೋಡಿ, ನಮ್ಮಲ್ಲಿ ಎಷ್ಟು ಮಾತು ಇತ್ತು ಅಂತ.

ಕುಂದಾಪುರದಿಂದ:

ಅದು 1894ರಲ್ಲಿ ನಿಮ್ಮ ಊರಲ್ಲೇ ಅಚ್ಚಾದದ್ದು, ಗೊತ್ತುಂಟು. ಅದರಲ್ಲಿ ಕಾರಿನ ಹೀಟರ್ ಇದ್ದರೆ ಪುಟ ಹೇಳಿ.

ಉಡುಪಿಯಿಂದ:

ಜಗಳ ನಾಡಿದ್ದಿಗೆ ಇಡಿ, ದಮ್ಮಯ್ಯ. ಹೀಟರ್, ಕೂಲೆಂಟ್, ಥರ್ಮೋಸ್ಟ್ಯಾಟ್ ಹಾಗೇ ಬಿಡುತ್ತೇನೆ. ಕೋರಿಗೆ ‘ಹೀಟರಿನ ಒಳ ರೇಡಿಯೇಟರ್’. ಬೀಗಕ್ಕೆ ಸುರತ್ಕಲ್‌ನವರು ಹೇಳಿದ ಹಾಗೆ ಎರಡು ಸಾಲು: ‘ನೀರು ಗಟ್ಟಿಯಾಗಿ ಬೀಗ ಹಿಡಿದರೆ’, ‘ತುಕ್ಕಿಗೆ ಬೀಗ ಹಿಡಿದರೆ’. ಒಂದೇ ಪದದಲ್ಲಿ ಆಗಬೇಕು ಅಂತ ನಾನು ಸುಮ್ನೆ ಹಟ ಹಿಡಿದು ಕೂತಿದ್ದೆ. ಬಾಗಿಲಿನ ರಬ್ಬರ್ ಬೀಡಿಂಗ್‌ಗೂ ಒಂದು ಸಾಲು ಉಂಟು, ಚಳಿಗೆ ಅಂಟಿಕೊಳ್ಳದ ಹಾಗೆ ಸಿಲಿಕೋನ್ ಹಚ್ಚಿ ಅಂತ. ಅದೂ ಬೀಡಿಂಗ್ ಅಂತಲೇ ಹೋಗುತ್ತದೆ.

ಮಂಗಳೂರಿನಿಂದ:

ಅಂಚುಪಟ್ಟಿ. ಹಾಕುವುದಿಲ್ಲ ಅಂತ ಗೊತ್ತುಂಟು.