1971ರ ಯುದ್ಧದಲ್ಲಿ ಎಚ್‌ಎಫ್–24 ಮಾರುತ್ ನಿಜವಾಗಿ ಮಾಡಿದ್ದೇನು?

ಪ್ರಶ್ನೆ: ವಿಮಾನಪುರದವನು

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾರುತ್ ಯುದ್ಧವಿಮಾನಗಳ ಜೋಡಣೆಯ ಕೆಲಸದಲ್ಲಿದ್ದವರು. ಹಬ್ಬಕ್ಕೆಂದು ಎಲ್ಲರೂ ಸೇರಿದಾಗಲೆಲ್ಲ ಅವರು ಎರಡು ಮಾತುಗಳನ್ನು ತಪ್ಪದೆ ಹೇಳುತ್ತಾರೆ: ರಾಜಸ್ಥಾನದ ಗಡಿಯ ಲೋಂಗೇವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಸುಟ್ಟಿದ್ದು ನಮ್ಮ ಮಾರುತ್ ಎಂಬುದು ಒಂದು, ಒಂದು ಇಂಜಿನ್ ಕೆಟ್ಟರೂ ಅದು ಮನೆಗೆ ಬಂದು ಮುಟ್ಟುತ್ತಿತ್ತು ಎಂಬುದು ಇನ್ನೊಂದು. ಆದರೆ ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಇದನ್ನು ‘ಶಬ್ದದ ವೇಗವನ್ನು ದಾಟಲಾರದ ಸೂಪರ್‌ಸಾನಿಕ್ ವಿಮಾನ’ ಎಂದು ಗೇಲಿ ಮಾಡಿ, ಯುದ್ಧದ ವಿಷಯವನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುತ್ತವೆ. ದೊಡ್ಡಪ್ಪನವರ ಮಾತಿನಲ್ಲಿ ಎಷ್ಟು ಇತಿಹಾಸ, ಎಷ್ಟು ಅಭಿಮಾನ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1: ಥಾರ್ ಓದುಗ

ತಮ್ಮ ದೊಡ್ಡಪ್ಪನವರ ಎರಡನೆಯ ಮಾತು ಪೂರ್ತಿ ನಿಜ. ಮೊದಲನೆಯದನ್ನು ಮಾತ್ರ ತಿದ್ದಬೇಕಾಗುತ್ತದೆ, ಆದ್ದರಿಂದ ಅದನ್ನೇ ಮೊದಲು ನೋಡೋಣ.

1971ರ ಡಿಸೆಂಬರ್ 5ರ ಬೆಳಿಗ್ಗೆ ಲೋಂಗೇವಾಲಾದ ಠಾಣೆಯನ್ನು ಸುತ್ತುವರಿದಿದ್ದ ಟ್ಯಾಂಕುಗಳ ಮೇಲೆ ಎರಗಿದ್ದು ಜೈಸಲ್ಮೇರ್‌ನಲ್ಲಿ ನೆಲೆಯೂರಿದ್ದ ಹಾಕರ್ ಹಂಟರ್ ವಿಮಾನಗಳು. ರಾತ್ರಿಯಲ್ಲಿ ದಾಳಿ ನಡೆಸುವ ಸೌಲಭ್ಯ ಅವುಗಳಲ್ಲಿ ಇರಲಿಲ್ಲವಾದ್ದರಿಂದ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕಂಪನಿ ಬೆಳಕು ಹರಿಯುವ ತನಕ ಗಟ್ಟಿಯಾಗಿ ನಿಲ್ಲಬೇಕಾಯಿತು. ಮಾರುತ್‌ಗಳೂ ಆ ವಲಯಕ್ಕೆ ನೆರವಾದವೆಂದು ಕೆಲವು ಬರಹಗಳು ಹೇಳುತ್ತವೆ. ಆದರೆ ಅವುಗಳ ನಿಜವಾದ ಕಾರ್ಯಕ್ಷೇತ್ರ ಇನ್ನೂ ದಕ್ಷಿಣಕ್ಕೆ, ಬಾರ್ಮೇರ್‌ನ ಆಚೆಗಿನ ಸಿಂಧ್‌ನಲ್ಲಿ ಇತ್ತು. ಲೋಂಗೇವಾಲಾದ ಕೀರ್ತಿಯನ್ನು ಮಾರುತ್‌ಗೆ ಕಟ್ಟುವುದರಿಂದ ಹಂಟರ್‌ನವರಿಗೆ ಅನ್ಯಾಯವಾಗುವುದಲ್ಲದೆ, ಮಾರುತ್ ತಾನಾಗಿ ಮಾಡಿದ ಕೆಲಸವೂ ಮರೆಯಾಗುತ್ತದೆ ಎಂಬುದು ನನ್ನ ಬೇಸರ.

ಆ ಕೆಲಸ ಯಾವುದೆಂದರೆ, ನೆಲಕ್ಕೆ ಅಂಟಿಕೊಂಡಂತೆ ಹಾರಿ ಶತ್ರುವಿನ ಸೇನೆಗೆ ಹೋಗುವ ಅನ್ನ, ನೀರು, ಮದ್ದುಗುಂಡುಗಳ ದಾರಿಯನ್ನು ಕತ್ತರಿಸುವುದು. ಯುದ್ಧದಲ್ಲಿ ಪಾಲ್ಗೊಂಡ 10ನೆಯ ಮತ್ತು 220ನೆಯ ಸ್ಕ್ವಾಡ್ರನ್‌ಗಳ ಮಾರುತ್‌ಗಳು ಜೋಧ್‌ಪುರ ಮತ್ತು ಉತ್ತರಲಾಯಿ ನೆಲೆಗಳಿಂದ ಹಾರಿದವು. ನಮ್ಮ ಭೂಸೇನೆ ನಯಾ ಛೋರ್‌ನ ಕಡೆಗೆ ಮುಂದುವರಿಯುತ್ತಿದ್ದ ಭಾಗ ಅದು. ಮರಳಿನ ನಾಡಿನಲ್ಲಿ ಒಳ್ಳೆಯ ರಸ್ತೆಗಳೇ ವಿರಳ. ಖೋಖ್ರಾಪಾರ್‌ನಿಂದ ಮೀರ್‌ಪುರ್ ಖಾಸ್‌ಗೆ ಹೋಗುವ ಒಂಟಿ ರೈಲು ಮಾರ್ಗವೇ ಆ ಕಡೆಯ ಪಾಕ್ ಪಡೆಗಳಿಗೆ ಜೀವನಾಡಿಯಾಗಿತ್ತು. ರೈಲುಬಂಡಿಗಳು, ಲಾರಿಗಳ ಸಾಲುಗಳು, ತೋಪುಗಳ ನೆಲೆಗಳು, ದಾಸ್ತಾನುಗಳು, ಇವೇ ಮಾರುತ್‌ನ ಬೇಟೆ. ಎರಡು ವಾರಗಳ ಯುದ್ಧದಲ್ಲಿ ಅವು ಮುನ್ನೂರಕ್ಕೂ ಹೆಚ್ಚು ಕದನ ಹಾರಾಟಗಳನ್ನು ನಡೆಸಿದವು, ಅಂದರೆ ದಿನಕ್ಕೆ ಸರಾಸರಿ ಇಪ್ಪತ್ತಕ್ಕೂ ಮಿಗಿಲು. ಎರಡೇ ಸ್ಕ್ವಾಡ್ರನ್‌ಗಳಿಗೆ, ಅದೂ ಮೊದಲ ಬಾರಿಗೆ ಯುದ್ಧ ಕಾಣುತ್ತಿದ್ದ ಸ್ವದೇಶಿ ವಿಮಾನಕ್ಕೆ, ಇದು ಸಣ್ಣ ಲೆಕ್ಕವಲ್ಲ.

ಆಕಾಶದ ಕಾಳಗದಲ್ಲಿ ಒಂದೇ ಒಂದು ಮಾರುತ್ ಕೂಡ ಬೀಳಲಿಲ್ಲ ಎಂದು ನಮ್ಮ ಕಡೆಯ ದಾಖಲೆಗಳು ಹೇಳುತ್ತವೆ. ಕಳೆದುಕೊಂಡ ಕೆಲವು ವಿಮಾನಗಳು ನೆಲದಿಂದ ಹಾರಿಸಿದ ಗುಂಡುಗಳಿಗೋ, ನೆಲೆಯ ಮೇಲಿನ ದಾಳಿಗೋ ಬಲಿಯಾದವು. ತದ್ವಿರುದ್ಧವಾಗಿ, ಡಿಸೆಂಬರ್ 7ರಂದು 220ನೆಯ ಸ್ಕ್ವಾಡ್ರನ್‌ನ ಸ್ಕ್ವಾಡ್ರನ್ ಲೀಡರ್ ಕೆ.ಕೆ. ಬಕ್ಷಿ ಅವರು ತಮ್ಮ ಮಾರುತ್‌ನ ಫಿರಂಗಿಗಳಿಂದಲೇ ಪಾಕಿಸ್ತಾನದ ಒಂದು ಸೇಬರ್ ಯುದ್ಧವಿಮಾನವನ್ನು ಹೊಡೆದುರುಳಿಸಿದರೆಂದು ಭಾರತದ ಲೆಕ್ಕದಲ್ಲಿದೆ. ಬಾಂಬು ಹಾಕಲು ಹೋದ ವಿಮಾನ ಫೈಟರ್ ಒಂದನ್ನು ಕೆಡವಿದ್ದು ನಾವು ಮೆಚ್ಚಬೇಕಾದ ಸಂಗತಿಯೇ.

ಉತ್ತರ 2: ಹಳೆಯ ಏರ್‌ಫ್ರೇಮ್ ಫಿಟ್ಟರ್

ಮೇಲಿನ ಉತ್ತರ ಸೊಗಸಾಗಿದೆ. ಒಂದು ಇಂಜಿನ್‌ನಲ್ಲಿ ಮರಳಿ ಬರುವ ವಿಷಯವನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾರುತ್‌ನ ಕಥೆಯ ಸ್ವಾರಸ್ಯ ಇರುವುದೇ ಅಲ್ಲಿ.

ಜರ್ಮನಿಯ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದು ಈ ವಿನ್ಯಾಸಕ್ಕೆ ಕೈಹಾಕಿದಾಗ, ಮನಸ್ಸಿನಲ್ಲಿದ್ದದ್ದು ಶಬ್ದದ ಎರಡರಷ್ಟು ವೇಗದ ಯುದ್ಧವಿಮಾನ. ಅದಕ್ಕಾಗಿ ಆಫ್ಟರ್‌ಬರ್ನರ್ (ಹೊರಬರುವ ಬಿಸಿ ಅನಿಲದಲ್ಲಿ ಇನ್ನಷ್ಟು ಇಂಧನ ಉರಿಸಿ ನೂಕುಬಲ ಹೆಚ್ಚಿಸುವ ಸಾಧನ) ಸಹಿತ ಸುಮಾರು 3,700 ಕಿಲೋ ನೂಕುಬಲ ಕೊಡುವ ಆರ್ಫಿಯಸ್ 12 ಇಂಜಿನ್‌ಗಳೆರಡನ್ನು ಎಣಿಸಿಕೊಳ್ಳಲಾಗಿತ್ತು. ಆ ಇಂಜಿನ್‌ಗೆ ಬ್ರಿಟನ್ನಿನಲ್ಲಿ ಬೇರೆ ಗಿರಾಕಿಗಳಿಲ್ಲವಾಯಿತು, ಅದನ್ನು ಬೆಳೆಸುವ ಖರ್ಚನ್ನು ಹೊರಲು ಭಾರತವೂ ಒಪ್ಪಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. ಕೊನೆಗೆ ದಕ್ಕಿದ್ದು ಆಫ್ಟರ್‌ಬರ್ನರ್ ಇಲ್ಲದ, ತಲಾ 2,200 ಕಿಲೋ ನೂಕುಬಲದ ಆರ್ಫಿಯಸ್ 703. ಇದರ ಸೋದರ ಇಂಜಿನ್ ಪುಟಾಣಿ ನ್ಯಾಟ್ ವಿಮಾನದಲ್ಲಿಯೂ ಇತ್ತು. ಅಲ್ಲಿ ಒಂದೇ ಸಾಕಾಗಿ ಅದು ಕುದುರೆಯಂತೆ ಕುಣಿಯಿತು, ಇಲ್ಲಿ ಎರಡಿದ್ದರೂ ಭಾರಕ್ಕೆ ಸಾಲದಾಯಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ–300 ಇಂಜಿನ್ನಿನ ಪರೀಕ್ಷೆಗೆಂದು ಒಂದು ಮಾರುತ್ ಅಲ್ಲಿಗೂ ಹೋಗಿತ್ತು, ಫಲ ಸಿಗಲಿಲ್ಲ. ನಮ್ಮಲ್ಲಿಯೇ ಆಫ್ಟರ್‌ಬರ್ನರ್ ಜೋಡಿಸಿದ ಮಾದರಿಯೊಂದರ ಅಪಘಾತದಲ್ಲಿ 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡರು. 1961ರ ಜೂನ್ 17ರಂದು ಮಾರುತ್‌ನ ಮೊಟ್ಟಮೊದಲ ಹಾರಾಟ ನಡೆಸಿದವರೂ ಅವರೇ. ಬೆಂಗಳೂರಿನಲ್ಲಿ ದಿನವೂ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೈದುಕೊಳ್ಳುವವರಿಗೆ ಈ ಹೆಸರು ಯಾರದೆಂದು ತಿಳಿದಿದ್ದರೆ ಚೆನ್ನಾಗಿತ್ತು.

ಇಂಜಿನ್ ದುರ್ಬಲವಾದರೂ ಒಡಲು ಮಾತ್ರ ಹೆಚ್ಚಿನ ವೇಗಕ್ಕಾಗಿ ಕಟ್ಟಿದ್ದು. ಆದ್ದರಿಂದಲೇ ನೆಲಮಟ್ಟದಲ್ಲಿ ಬಿರುಸಾಗಿ ಹಾರುವಾಗ ಅದು ಕದಲದೆ ನಿಲ್ಲುತ್ತಿತ್ತು. ಗುರಿಯಿಡುವವನಿಗೆ ಇದಕ್ಕಿಂತ ಬೇಕಾದದ್ದೇನು? ಹೈಡ್ರಾಲಿಕ್ ವ್ಯವಸ್ಥೆಗೆ ಪೆಟ್ಟು ಬಿದ್ದರೆ ನಿಯಂತ್ರಣ ತಾನಾಗಿಯೇ ಪೈಲಟ್ಟಿನ ಕೈಬಲಕ್ಕೆ ಹೊರಳುವಂತೆ ಏರ್ಪಾಡಿತ್ತು. ಎರಡು ಇಂಜಿನ್‌ಗಳ ಪೈಕಿ ಒಂದು ನೆಲದ ಗುಂಡಿಗೆ ಸಿಕ್ಕಿ ನಿಂತ ಮೇಲೂ ಮಾರುತ್ ಸುರಕ್ಷಿತವಾಗಿ ಮರಳಿದ ಪ್ರಸಂಗಗಳು 1971ರಲ್ಲಿ ಕನಿಷ್ಠ ಮೂರು ನಡೆದಿವೆ. ಅವುಗಳಲ್ಲಿ ಒಂದು ವಿಮಾನ ಶತ್ರುನೆಲದೊಳಗೆ ಸುಮಾರು 240 ಕಿ.ಮೀ. ದೂರದಿಂದ, ಬೆಂಗಾವಲೂ ಇಲ್ಲದೆ, ಒಂಟಿಯಾಗಿ ಬಂದಿಳಿಯಿತು. ಇನ್ನೊಂದರಲ್ಲಿ, ತಾನೇ ಹೊಡೆದ ವಾಹನಗಳ ಸಾಲಿನಿಂದ ಸಿಡಿದ ಚೂರುಗಳ ನಡುವೆ ಹಾದುಹೋದ ಪೈಲಟ್ಟಿಗೆ ಹಿಂಭಾಗದಲ್ಲಿ ದೊಡ್ಡ ಪೆಟ್ಟು ಬಿದ್ದಂತಾಗಿ ಎಚ್ಚರಿಕೆಯ ದೀಪಗಳು ಹೊತ್ತಿಕೊಂಡವು, ಒಂದು ಇಂಜಿನ್ ಸತ್ತಿತು; ಅವರೂ ಉಳಿದೊಂದನ್ನೇ ನಂಬಿ ನೆಲೆ ಸೇರಿದರು.

ಉತ್ತರ 3: ಒಪ್ಪದವಳು

ಅಭಿಮಾನಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ಇಲ್ಲಿ ದಾಖಲಿಸಬೇಕು.

ಕಾಳಗದಲ್ಲಿ ಒಂದೂ ಬೀಳಲಿಲ್ಲ ಎನ್ನುವಾಗ, ಎದುರಿಗೆ ಎಷ್ಟು ವಿಮಾನಗಳಿದ್ದವು ಎಂದು ಕೇಳುವುದು ನ್ಯಾಯ. ಸಿಂಧ್‌ನ ಆಕಾಶವನ್ನು ಕಾಯುತ್ತಿದ್ದ ಪಾಕ್ ವಾಯುಪಡೆಯ ದೊಡ್ಡ ನೆಲೆ ದೂರದ ಕರಾಚಿಯ ಮಸ್ರೂರ್. ಥಾರ್‌ನಲ್ಲಿ ಕಾದುತ್ತಿದ್ದ ತಮ್ಮದೇ ಭೂಸೇನೆಗೆ ಅವರು ಒದಗಿಸಿದ ವಾಯುಬೆಂಬಲ ತೀರ ಅಲ್ಪ. ಪಂಜಾಬಿನ ದಟ್ಟ ರಕ್ಷಣೆಯ ಆಕಾಶದಲ್ಲಿ ಇದೇ ಮಾರುತ್ ಹದಿನಾಲ್ಕು ದಿನ ಹಾರಿದ್ದರೆ ಲೆಕ್ಕ ಹೀಗೆಯೇ ಇರುತ್ತಿತ್ತೆಂದು ನಾನು ನಂಬಲಾರೆ. ಎರಡನೆಯದಾಗಿ, ಮೂತಿಯಲ್ಲಿದ್ದ ನಾಲ್ಕು 30 ಮಿ.ಮೀ. ಏಡನ್ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿದರೆ ವಿಮಾನದ ಮುಂಭಾಗವೇ ನಡುಗಿ ತೊಂದರೆ ಕೊಡುತ್ತಿತ್ತು. ಇದನ್ನು ಪಳಗಿಸಲು ಎಚ್‌ಎಎಲ್ ಬಹುಕಾಲ ಹೆಣಗಿತು. ಎಲ್ಲಕ್ಕಿಂತ ಮುಖ್ಯವಾಗಿ, ವಾಯುಪಡೆ ಕೇಳಿದ್ದು ಸೂಪರ್‌ಸಾನಿಕ್ ಫೈಟರ್, ಪಡೆದದ್ದು ಭೂದಾಳಿಯ ವಿಮಾನ. ತರಬೇತಿಯ ಮಾದರಿಗಳೂ ಸೇರಿ 147ಕ್ಕೆ ತಯಾರಿಕೆ ನಿಂತಿದ್ದು, 1980ರ ದಶಕದಲ್ಲಿ ಸ್ಕ್ವಾಡ್ರನ್‌ಗಳು ಇದನ್ನು ಕೈಬಿಟ್ಟದ್ದು ಬರಿಯ ಅನ್ಯಾಯವಲ್ಲ, ಅದರ ಹಿಂದೆ ಕಾರಣವಿತ್ತು.

ಉತ್ತರ 4: ಥಾರ್ ಓದುಗ

ಮೇಡಂ, ತಮ್ಮ ಮೊದಲ ಮಾತನ್ನು ಒಪ್ಪುತ್ತೇನೆ. ಮರುಭೂಮಿಯ ಆಕಾಶ ಬಹುಮಟ್ಟಿಗೆ ಖಾಲಿಯಾಗಿತ್ತು. ಆದರೆ ಭೂದಾಳಿಯ ವಿಮಾನಕ್ಕೆ ದೊಡ್ಡ ಶತ್ರು ನೆಲದ ತೋಪು. ಸಾವಿರ ಅಡಿಗೂ ಕೆಳಗೆ ಹಾರಿ, ಒಂದೇ ರೈಲು ಮಾರ್ಗದ ಮೇಲೆ ದಿನದಿನವೂ ಅದೇ ಜಾಗಕ್ಕೆ ಮರಳಿದವರನ್ನು ಆ ತೋಪುಗಳು ಕಾದುಕೊಂಡೇ ಇರುತ್ತವೆ. ಅಲ್ಲಿ ಪೆಟ್ಟು ತಿಂದು ಉಳಿದದ್ದನ್ನು ಖಾಲಿ ಆಕಾಶದ ಖಾತೆಗೆ ಬರೆಯಲಾಗದು. ವಾಯುಪಡೆ ಕೇಳಿದ ವಿಮಾನ ಇದಲ್ಲ ಎಂಬುದೂ ನಿಜವೇ. 1971ರ ಡಿಸೆಂಬರ್‌ನಲ್ಲಿ ಆ ವಲಯಕ್ಕೆ ಬೇಕಾಗಿದ್ದ ವಿಮಾನ ಮಾತ್ರ ಇದೇ ಆಗಿತ್ತು.

ಉತ್ತರ 5: ವಿಮಾನಪುರದವನು

ಎಲ್ಲರಿಗೂ ಧನ್ಯವಾದಗಳು. ದೊಡ್ಡಪ್ಪನವರಿಗೆ ಇಡೀ ಚರ್ಚೆಯನ್ನು ಓದಿ ಹೇಳಿದೆ. ಹಂಟರ್‌ನ ವಿಷಯ ಬಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫಿರಂಗಿಯ ನಡುಕದ ಮಾತು ಬಂದಾಗ ನಕ್ಕು, ‘ಅದನ್ನು ನಮ್ಮನ್ನು ಕೇಳಬೇಕು’ ಎಂದರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿರುವ ಮಾರುತ್ ಅನ್ನು ನೋಡಲು ಅವರನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಲ್ಲಿ ಏನನ್ನು ಗಮನಿಸಬೇಕು?

ಉತ್ತರ 6: ಹಳೆಯ ಏರ್‌ಫ್ರೇಮ್ ಫಿಟ್ಟರ್

ಮೂತಿಯ ಎರಡೂ ಪಕ್ಕಗಳಲ್ಲಿ ಎರಡೆರಡು ಫಿರಂಗಿ ಬಾಯಿಗಳಿಗೆ ಜಾಗವಿದೆ, ಅವನ್ನು ಮೊದಲು ನೋಡಿ. ರೆಕ್ಕೆ ಸೇರುವ ಕಡೆ ಒಡಲು ಸೊಂಟದಂತೆ ಕಿರಿದಾಗಿರುವುದು ಪಕ್ಕದಿಂದ ಕಾಣುವುದಕ್ಕಿಂತ ಓರೆಯಿಂದ ಚೆನ್ನಾಗಿ ಕಾಣುತ್ತದೆ. ತಲುಪಲಾಗದ ವೇಗಕ್ಕಾಗಿ ಮಾಡಿದ ಏರ್ಪಾಡು ಅದು. ಮುಂದಿನ ಚಕ್ರದ ಹಿಂದೆ, ಹೊಟ್ಟೆಯೊಳಗೆ, ಐವತ್ತು ರಾಕೆಟ್‌ಗಳ ಪೆಟ್ಟಿಗೆಯೊಂದು ಮಡಚಿ ಕೂರುತ್ತಿತ್ತು. ಅದರ ಜಾಗ ಕಾಣಬೇಕಾದರೆ ಬಗ್ಗಬೇಕು. ಅದನ್ನು ತಾವು ಬಗ್ಗಿ ನೋಡಿ, ದೊಡ್ಡಪ್ಪನವರು ನಿಂತಲ್ಲಿಂದಲೇ ವಿವರಿಸಲಿ.