ಸಹಾಯ ಬೇಕು: ಸಗ್ರಾಂಟಿನೊ ವೈನ್‌ನ ಒಗರು ಇಳೀತಾನೇ ಇಲ್ಲ

ನಮಸ್ಕಾರ. ನಾನಿರೋದು ಇಟಲಿಯ ಪೆರೂಜಾದಲ್ಲಿ. ಹತ್ತಿರದ ಮೊಂಟೆಫಾಲ್ಕೊಗೆ ಹೋದಾಗ ಸಗ್ರಾಂಟಿನೊ ದ್ರಾಕ್ಷಿಯ 2018ರ ಕೆಂಪು ವೈನ್ ಎರಡು ಬಾಟಲಿ ತಂದೆ. ಪರಿಮಳ ಅದ್ಭುತ, ಆದರೆ ಬಾಯಿಗಿಟ್ಟರೆ ಹಸಿ ಅಡಿಕೆ ಅಗಿದಷ್ಟು ಒಗರು! ಈ ದ್ರಾಕ್ಷಿಯಲ್ಲಿ ಟ್ಯಾನಿನ್ (ಒಗರು ಕೊಡೋ ಅಂಶ) ವಿಪರೀತ ಅಂತ ಗೊತ್ತು. ಕನಿಷ್ಠ 37 ತಿಂಗಳು ಮಾಗಿಸಿಯೇ ಮಾರಬೇಕು ಅನ್ನೋ ನಿಯಮ ಇದೆ, ಆದರೂ ಹೀಗೆ.

ಮೊದಲ ಬಾಟಲಿಯನ್ನು ಜಗ್‌ಗೆ ಸುರಿದು ನಾಲ್ಕು ಗಂಟೆ ಗಾಳಿಗಿಟ್ಟೆ, ಸ್ವಲ್ಪವೇ ಇಳೀತು. ಫ್ರಿಜ್‌ನಲ್ಲಿಟ್ಟೆ, ಒಗರು ಇನ್ನೂ ಏರಿತು. ಹಳೇ ಪೆಕೊರಿನೊ ಚೀಸ್ ಜೊತೆ ಮಾತ್ರ ಹಿತವಾಯ್ತು. ಹಿಂದಿನವರು ಇದೇ ಹಣ್ಣನ್ನು ಒಣಗಿಸಿ ಪಾಸಿಟೊ ಅನ್ನೋ ಸಿಹಿ ವೈನ್ ಮಾಡ್ತಿದ್ದದ್ದು ಯಾಕೆ ಅಂತ ಈಗ ಅರ್ಥವಾಗ್ತಿದೆ.

ಡಿಸೆಂಬರ್‌ನಲ್ಲಿ ಅಪ್ಪ ಬರ್ತಾರೆ, ಕುರಿಮಾಂಸದ ಜೊತೆ ಎರಡನೇ ಬಾಟಲಿ ತೆಗೆಯೋ ಆಸೆ. ಸಗ್ರಾಂಟಿನೊ ಇಟ್ಟು ಕುಡಿದವರು ಹೇಳಿ: ಈಗಲೇ ತೆಗೆಯಲಾ, ಇಲ್ಲ ಇನ್ನೂ ಐದಾರು ವರ್ಷ ಕಾಯಲಾ? ಈಗಲೇ ಆದರೆ ಎಷ್ಟು ಗಂಟೆ ಮೊದಲು ತೆರೆಯಬೇಕು?